ವಿಠಲಣ್ಣನ ಮಾತಿನ ಪೆಟ್ಟಿಗೆ

ಪೋಂ ಪೋಂ ಎಂದು ಮೀನಿನವನ ಹಾರ್ನು ಕೇಳಿದರೆ ಕಟಪಾಡಿಯ ಆ ಒಳದಾರಿಗೆ ಬೆಳಗಾಯಿತೆಂದು ಅರ್ಥ. ಹೆದ್ದಾರಿಯಲ್ಲಿ ಲಾರಿಗಳೂ ಬಸ್ಸುಗಳೂ ಅದಕ್ಕಿಂತ ಮೊದಲೇ ಎದ್ದಿರುತ್ತವೆ. ಆದರೆ ಅವು ಯಾರನ್ನೂ ಕರೆಯುವುದಿಲ್ಲ. ಈ ಹಾರ್ನು ಕರೆಯುತ್ತದೆ. ಗೋಡೆಯ ಮೇಲಿನ ಬೆಕ್ಕುಗಳು ಇಳಿಯುತ್ತವೆ, ಹೆಂಗಸರು ಪಾತ್ರೆ ಹಿಡಿದು ಗೇಟಿಗೆ ಬರುತ್ತಾರೆ. ಮೀನು ತಿನ್ನದವರ ಕೊನೆಯ ಬಾಡಿಗೆ ಮನೆಯ ಮುಂದೆ ಸ್ಕೂಟರು ನಿಧಾನವಾಗುವುದು ಬರೀ ತಮಾಷೆಗೆ.

"ಇವತ್ತಾದರೂ ಬಂಗುಡೆ ಬೇಕಾ ಅಮ್ಮಾ? ಫ್ರೆಶ್ ಉಂಟು."

"ನಿನ್ನ ಬಂಗುಡಿ ನೀನ ತಿನ್ನಪ್ಪಾ, ಪುಣ್ಯಾ ಬರ್ತದ," ಎಂದು ಒಳಗಿನಿಂದ ಸೋಮವ್ವ ಕೂಗುತ್ತಾಳೆ.

ಅವಳ ಮಗಳು ಶಶಿಕಲಾ ಆ ಹೊತ್ತಿಗೆ ಬ್ಯಾಗು ಹೆಗಲಿಗೇರಿಸಿ ಉಡುಪಿ ಬಸ್ಸಿಗೆ ಓಡುತ್ತಿರುತ್ತಾಳೆ. ಉಡುಪಿಯಲ್ಲಿ ಇಳಿದು ಮಣಿಪಾಲದ ಬಸ್ಸು ಹತ್ತಬೇಕು.

ಶಶಿಕಲಾ ಈ ಸೀಮೆಗೆ ಬಂದದ್ದು ಅಮ್ಮನ ಸೊಂಟದ ಮೇಲೆ ಕುಳಿತು. ಅಪ್ಪ ಬಸಯ್ಯ ಗದಗದ ಕಡೆಯವನು. ಮಣಿಪಾಲದ ಹಾಸ್ಟೆಲು ಕಟ್ಟಡಗಳಿಗೆ ಕಾಂಕ್ರೀಟು ಹೊತ್ತವನು. ಅವಳು ಇನ್ನೂ ಸಣ್ಣ ತರಗತಿಯಲ್ಲಿದ್ದಾಗಲೇ ಜ್ವರ ಬಂದು ತೀರಿಕೊಂಡ. ಅವನ ಮುಖ ನೆನಪಿದೆ, ಅಂಗಿಯ ಸಿಮೆಂಟಿನ ವಾಸನೆ ನೆನಪಿದೆ. ಧ್ವನಿ ಮಾತ್ರ ಹೋಗಿಬಿಟ್ಟಿದೆ. 'ಶಶೀ' ಎಂದು ಕರೆಯುತ್ತಿದ್ದನೆಂದು ಗೊತ್ತು. ಹೇಗೆ ಕರೆಯುತ್ತಿದ್ದನೆಂದು ಗೊತ್ತಿಲ್ಲ. ನೆನಪಿಸಿಕೊಳ್ಳಲು ಹೋದರೆ ಅಮ್ಮನ ಧ್ವನಿಯೇ ಬರುತ್ತದೆ.

ಹಿರಿಯಡ್ಕದ ಬಳಿಯ ಒಂದು ಚಿಕ್ಕ ಕಾಲೇಜಿನಲ್ಲಿ ಬಿಸಿಎ ಓದಿ ಅವಳು ಸೇರಿದ ಆಫೀಸು ಒಂದು ಬೇಕರಿಯ ಮೇಲಿನ ಮಹಡಿಯಲ್ಲಿದೆ. ಒಟ್ಟು ಐದು ಮಂದಿ. ಯಜಮಾನ ರೊಸಾರಿಯೊ ಕೊಲ್ಲಿಯಲ್ಲಿ ಬಹಳ ವರ್ಷ ದುಡಿದು ಬಂದ ಮನುಷ್ಯ. ಗಂಟಲಿನ ಕ್ಯಾನ್ಸರಿನ ಆಪರೇಷನ್ನಿನಿಂದ ಮಾತು ಕಳೆದುಕೊಳ್ಳಲಿರುವವರ ಧ್ವನಿಯನ್ನು ಮೊದಲೇ ಹಿಡಿದಿಟ್ಟು, ಆಮೇಲೆ ಅವರ ಕೈಗೆ ಒಂದು ಪುಟ್ಟ ಯಂತ್ರ ಕೊಡುವುದು ಆ ಆಫೀಸಿನ ಕೆಲಸ. ಯಂತ್ರದ ತುಂಬ ಚಿತ್ರಗಳು. ನೀರಿನ ಚಿತ್ರ ಒತ್ತಿದರೆ ನೀರು ಬೇಕು ಎಂದು ಅವರದೇ ಧ್ವನಿ ಹೇಳುತ್ತದೆ. ಅದಕ್ಕೊಂದು ಇಂಗ್ಲಿಷ್ ಹೆಸರು ಉಂಟು. ಯಾರೂ ಆ ಹೆಸರು ಹೇಳುವುದಿಲ್ಲ. ಮಾತಿನ ಪೆಟ್ಟಿಗೆ ಎನ್ನುತ್ತಾರೆ.

ಪೆಟ್ಟಿಗೆಯೊಳಗಿನ ಪ್ರೋಗ್ರಾಂ ಬರೆಯುವವರು ಬೇರೆ. ಶಶಿಕಲಾಳದು ಅದನ್ನು ಒಳಗೆ ಕೂರಿಸುವ, ಬೇಡವಾದಾಗ ಹೊರಗೆ ತೆಗೆಯುವ ಕೆಲಸ. ಯಾವುದು ಒಳಗೆ ಬರಬೇಕು, ಯಾವುದು ಹೊರಗೆ ಹೋಗಬೇಕು ಎಂದು ನೋಡಿಕೊಳ್ಳಲು ಪ್ರತಿ ಪೆಟ್ಟಿಗೆಯಲ್ಲೂ ಪ್ಯಾಕೇಜ್ ಮ್ಯಾನೇಜರ್ ಎಂಬ ಕಣ್ಣಿಗೆ ಕಾಣದ ಮೇಸ್ತ್ರಿ ಇರುತ್ತಾನೆ. ಅವನಿಗೆ ಸ್ವಂತ ಬುದ್ಧಿ ಇಲ್ಲ. ಪ್ರೋಗ್ರಾಮಿನ ಜೊತೆಗೆ ಕಟ್ಟಿ ಕಳಿಸಿದ ಎರಡು ಸ್ಕ್ರಿಪ್ಟುಗಳು ಹೇಳಿದ ಹಾಗೆ ನಡೆಯುತ್ತಾನೆ. ಕೂರಿಸುವ ಸ್ಕ್ರಿಪ್ಟು ಧ್ವನಿಗೊಂದು ಜಾಗ ಮಾಡಿ, ಬೀಗ ಹಾಕಿ, ಕರೆಂಟು ಬಂದ ಕೂಡಲೇ ಪೆಟ್ಟಿಗೆ ಎಚ್ಚರವಾಗುವಂತೆ ನೋಡುತ್ತದೆ. ತೆಗೆಯುವ ಸ್ಕ್ರಿಪ್ಟು ಅದನ್ನೆಲ್ಲ ಬಿಚ್ಚುತ್ತದೆ. ಎರಡನ್ನೂ ಮೊದಲೇ ಯೋಚಿಸಿ ಬರೆದಿಡಬೇಕು.

"ನೆಂಟ ಬರುವ ಗಡಿಬಿಡಿಯನ್ನು ಎಲ್ಲರೂ ನೋಡುತ್ತಾರೆ ಮಾರಾಯ್ತಿ," ಎಂದು ರೊಸಾರಿಯೊ ಮೊದಲ ವಾರವೇ ಹೇಳಿದ್ದರು. "ಹೋಗುವಾಗ ಚಾಪೆ ಮಡಚಿಟ್ಟು ಹೋದನಾ ಇಲ್ಲವಾ, ಅದು ನೋಡುವುದು ನೀನು."

ಆ ಕೆಲಸ ಅವಳಿಗೆ ಒಗ್ಗಿತು. ಯಾರೂ ಗಮನಿಸದ ಕೆಲಸ. ಸರಿಯಾಗಿದ್ದರೆ ಇದೆಯೆಂದೇ ತಿಳಿಯದ ಕೆಲಸ.

ಆದರೆ ಐದೇ ಮಂದಿಯ ಆಫೀಸಿನಲ್ಲಿ ಎಲ್ಲರೂ ಎಲ್ಲ ಮಾಡಬೇಕು. ಆಸ್ಪತ್ರೆಯ ಮೂಲೆಯ ಕೋಣೆಯಲ್ಲಿ ಧ್ವನಿ ಹಿಡಿಯಲು ಹೋಗುವುದೂ ಅವಳ ಪಾಲಿಗೆ ಬಂತು. ಅಲ್ಲಿಗೆ ಮೊದಲು ಬಂದವರು ಕಾಪುವಿನ ವಿಠಲಣ್ಣ. ಉಡುಪಿಯಿಂದ ಮಂಗಳೂರಿಗೆ ಓಡುವ ಬಸ್ಸಿನಲ್ಲಿ ಆಯುಷ್ಯ ಕಳೆದ ಕಂಡಕ್ಟರು. ಗಂಟಲು ಆಗಲೇ ಒರಟಾಗಿತ್ತು. ಆದರೂ ಮೈಕು ಕಂಡದ್ದೇ ಎದೆ ಮುಂದೆ ಬಂತು.

"ಕಾಪು, ಉಚ್ಚಿಲ, ಎರ್ಮಾಳು, ಪಡುಬಿದ್ರಿ! ರೈಟ್, ಪೋಯಿ!"

"ವಿಠಲಣ್ಣಾ, ಮನೆಯಲ್ಲಿ ಇದು ಎಂತಕ್ಕೆ?" ಎಂದು ಅವಳು ನಕ್ಕಳು.

"ಇರಲಿ. ಹೆಂಡತಿಗೆ ಸಿಟ್ಟು ಬಂದಾಗ ಒತ್ತುತ್ತೇನೆ. ಇಳಿದು ಹೋಗುತ್ತಾಳೆ."

ಅನ್ನ, ನೀರು, ನೋವು, ಫ್ಯಾನು, ಬಾಗಿಲು, ಎಲ್ಲ ಮಾತುಗಳೂ ಮುಗಿದವು. ಕೊನೆಗೆ ಮನೆಯವರನ್ನು, ಎಂದರೆ ಹೆಂಡತಿ ಅಪ್ಪಿಯಕ್ಕನನ್ನು, ಕರೆಯುವ ಮಾತು.

"ಅಪ್ಪಿಯಕ್ಕನನ್ನು ಎಂತ ಹೇಳಿ ಕರೆಯುವುದು ನೀವು?"

"ಕರೆಯುವುದು ಎಂತದು? ಒಂದು ಸಲ ಕೆಮ್ಮಿದರೆ ಬರುತ್ತಾಳೆ."

"ಆಪರೇಷನ್ ಆದ ಮೇಲೆ ಕೆಮ್ಮು ಮೊದಲಿನ ಹಾಗೆ ಇರುವುದಿಲ್ಲ, ವಿಠಲಣ್ಣ."

ಅವರು ಅಂಗಿಯ ಗುಂಡಿ ಹಾಕಿ ತೆಗೆದರು. ಹೆಂಡತಿಯ ಹೆಸರು ಹಿಡಿದು ಕರೆಯುವ ರೂಢಿ ಆ ಮನೆಯಲ್ಲಿ ಇರಲಿಲ್ಲ. 'ಏ' ಎಂದೋ, 'ಕೇಳಿತಾ' ಎಂದೋ ಮದುವೆಯಾದ ದಿನದಿಂದ ಕಾಲ ನಡೆದಿತ್ತು. ಕೊನೆಗೆ, "ನೀನು ಸ್ವಲ್ಪ ಆ ಕಡೆ ತಿರುಗು ಬಾಲೆ," ಎಂದರು. ಶಶಿಕಲಾ ಗೋಡೆಯ ಕಡೆ ತಿರುಗಿ ಕುಳಿತಳು. ಅವಳ ಬೆನ್ನ ಹಿಂದೆ, ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದ ಗಂಟಲಿನಿಂದ, ಪಕ್ಕದ ಸೀಟಿಗೂ ಕೇಳದಷ್ಟು ಮೆಲ್ಲಗೆ ಒಂದು ಮಾತು ಬಂತು.

"ಅಪ್ಪಿ."

ಇನ್ನೊಮ್ಮೆ ಜೋರಾಗಿ ಹೇಳಿ ಎನ್ನಲು ಅವಳಿಗೆ ಮನಸ್ಸಾಗಲಿಲ್ಲ. ಅದನ್ನೇ ಇಟ್ಟುಕೊಂಡಳು.

ಪೆಟ್ಟಿಗೆ ಮನೆಗೆ ಹೋದ ಮೇಲೆ ಅಪ್ಪಿಯಕ್ಕನ ಫೋನು ಬಂದಿತ್ತು. "ಎಂತ ಮಾರಾಯ್ತಿ ಇದು, ನಾಚಿಕೆ ಆಗುತ್ತದೆ. ಪಕ್ಕದ ಮನೆಯವರಿಗೆ ಕೇಳುವ ಹಾಗೆ ದಿನಕ್ಕೆ ಹತ್ತು ಸಲ ಒತ್ತುತ್ತಾರೆ. ನಾನು ಅಡುಗೆ ಬಿಟ್ಟು ಓಡಿ ಬಂದರೆ ಎಂತದೂ ಇಲ್ಲ, ಸುಮ್ಮನೆ ನಗುವುದು. ಇದರ ಸೌಂಡು ಕಡಿಮೆ ಮಾಡಲಿಕ್ಕೆ ಆಗುತ್ತದಾ?" ಎಂದವರು ಸ್ವಲ್ಪ ತಡೆದು, "ಬೇಡ, ಇರಲಿ," ಎಂದು ಇಟ್ಟುಬಿಟ್ಟಿದ್ದರು.

ಇದೆಲ್ಲ ಹೀಗೆ ನಡೆದಿರುವಾಗ ಕೆಮ್ಮಣ್ಣು ಎಂಬ ಊರಿನಿಂದ ಒಂದು ಕರೆ ಬಂತು. ಅಲ್ಲಿ ಒಂದು ಮನೆಯಲ್ಲಿ ಪೆಟ್ಟಿಗೆಯ ಯಜಮಾನ ತೀರಿಕೊಂಡಿದ್ದ. ಮನೆಯವರು ಪ್ರೋಗ್ರಾಂ ತೆಗೆಸಿ, ಪೆಟ್ಟಿಗೆಯನ್ನು ಮಕ್ಕಳ ಆಟಕ್ಕೆ ಬಿಟ್ಟಿದ್ದರು. ಮಗುವೊಂದು ಏನೋ ಒತ್ತಿ ಪ್ರೋಗ್ರಾಮನ್ನು ಮತ್ತೆ ಕೂರಿಸಿಬಿಟ್ಟಿತು. ತೆಗೆಯುವ ಸ್ಕ್ರಿಪ್ಟು ಆಗ ಧ್ವನಿಯ ಜಾಗವನ್ನು ಮುಟ್ಟುತ್ತಿರಲಿಲ್ಲ. ಜನರ ಸ್ವಂತ ವಸ್ತುವನ್ನು ಅಳಿಸಬಾರದು ಎಂಬುದು ಈ ಕೆಲಸದಲ್ಲಿ ಎಲ್ಲರೂ ಕಲಿಯುವ ಮೊದಲ ಪಾಠ. ಹಾಗಾಗಿ ಒಳಗೆ ಉಳಿದಿದ್ದ ಧ್ವನಿ ಎಚ್ಚರವಾಯಿತು. ಬೊಜ್ಜ ಎನ್ನುವ ಉತ್ತರಕ್ರಿಯೆ ಮುಗಿದು, ಊಟದ ಎಲೆ ಎತ್ತಿ, ನೆಂಟರು ಹೋದ ಮನೆಯ ನಡುಕೋಣೆಯಲ್ಲಿ ಸತ್ತವನ ಧ್ವನಿ "ಊಟ ಆಯಿತಾ?" ಎಂದು ಕೇಳಿತು.

ಶಶಿಕಲಾ ಓಡಿದಳು. ಹಿನ್ನೀರಿನ ಬದಿಯ ಆ ಮನೆಯಲ್ಲಿ ಸತ್ತವನ ತಾಯಿ ಗೋಡೆಗೆ ಒರಗಿ ಕುಳಿತಿದ್ದರು. ಬೈಯಲಿಲ್ಲ.

"ನೀನು ಘಟ್ಟದ ಮೇಲಿನವಳು, ನಿನಗೆ ಗೊತ್ತಿರಲಿಕ್ಕಿಲ್ಲ," ಎಂದರು. "ನಮ್ಮಲ್ಲಿ ಬೊಜ್ಜದ ದಿನ ಸತ್ತವರನ್ನು ಮನೆಯ ಒಳಗೆ ಕರೆದು ಹಿರಿಯರೊಟ್ಟಿಗೆ ಸೇರಿಸುತ್ತೇವೆ. ಮತ್ತೆ ಆಟಿ ತಿಂಗಳಲ್ಲಿ ಬಡಿಸುವಾಗ ಕರೆಯುವುದು. ನಾವು ಕರೆಯಬೇಕು ಮಗಾ, ಅವರು ಬರಬೇಕು. ಹೀಗೆ ಕಂಡ ಕಂಡ ಹೊತ್ತಿಗೆ ಅವನೇ ನಮ್ಮನ್ನು ಕರೆದರೆ ಸೇರಿಸಿದ್ದು ಎಲ್ಲಿ ಬಂತು? ಅವನು ಹೊರಗೇ ನಿಂತ ಹಾಗೆ ಆಯಿತಲ್ಲ."

ಆ ಮಾತು ಶಶಿಕಲಾಳ ಒಳಗೆ ಹೋಗಿ ಕುಳಿತಿತು. ಘಟ್ಟದ ಮೇಲಿನವಳು ಎಂಬುದೂ ಜೊತೆಗೇ ಹೋಯಿತು. ಈ ನೆಲದ ಬಸ್ಸಿನಲ್ಲಿ ಓಡಾಡಿ, ಇಲ್ಲಿನ ನೀರು ಕುಡಿದು ಬೆಳೆದರೂ ಇಲ್ಲಿನ ಸತ್ತವರ ಬಗ್ಗೆ ತನಗೆ ಏನೂ ತಿಳಿಯದು ಎಂದು ಅವಳಿಗೆ ಅನ್ನಿಸಿತು. ತಿಳಿಯದವರು ಹೆಚ್ಚು ಎಚ್ಚರವಾಗಿರಬೇಕು. ಮರುದಿನ ತೆಗೆಯುವ ಸ್ಕ್ರಿಪ್ಟನ್ನು ಬಿಚ್ಚಿ ಬರೆದಳು: ಹೋಗುವಾಗ ಧ್ವನಿಯೂ ಹೋಗಬೇಕು, ಪೂರ್ತಿಯಾಗಿ, ಯಾರು ಹುಡುಕಿದರೂ ಸಿಗದ ಹಾಗೆ. ಕೂರಿಸಿ ನೋಡಿದಳು, ತೆಗೆದು ನೋಡಿದಳು. ರೊಸಾರಿಯೊ ಕೂಡ ನೋಡಿ ತಲೆಯಾಡಿಸಿದರು. "ಒಳ್ಳೆಯದೇ ಆಯಿತು. ಒಂದು ಮರ್ಯಾದೆ ಉಂಟು ಅದರಲ್ಲಿ." ಆ ಸ್ಕ್ರಿಪ್ಟು ಹೊಸ ಪ್ಯಾಕೇಜಿನ ಜೊತೆ ಎಲ್ಲ ಪೆಟ್ಟಿಗೆಗಳಿಗೂ ಹೋಗಿ ಕುಳಿತಿತು.

ಅವಳು ಮರೆತದ್ದು ಒಂದೇ. ಪ್ಯಾಕೇಜು ತೆಗೆಯುವುದು ಮನುಷ್ಯ ಸತ್ತಾಗ ಮಾತ್ರವಲ್ಲ. ಇನ್ನೂ ಹೊಸತು ಬಂದಾಗ ಮೇಸ್ತ್ರಿ ಅದನ್ನು ಮೊದಲು ಕೂರಿಸಿ, ಆಮೇಲೆ ಹಳೆಯದನ್ನು ಕಳಿಸುತ್ತಾನೆ. ಕಳಿಸುವಾಗ ಹಳೆಯದರ ತೆಗೆಯುವ ಸ್ಕ್ರಿಪ್ಟನ್ನೇ ನಡೆಸುತ್ತಾನೆ. ನಿಜವಾಗಿ ಹೊರಡುವುದೋ, ಅಥವಾ ಬರೀ ಹಳತು ಹೋಗಿ ಹೊಸತು ಬರುವುದೋ ಎಂದು ಸ್ಕ್ರಿಪ್ಟು ಮೊದಲು ಕೇಳಿಕೊಳ್ಳಬೇಕು. ಕೇಳುವುದಕ್ಕೆ ಒಂದು ಸಾಲು ಸಾಕು. ಶಶಿಕಲಾ ಅದನ್ನು ಎಲ್ಲೋ ಓದಿದ್ದಳು ಕೂಡ. ಆದರೆ ಅದನ್ನು ಬರೆಯುವ ದಿನ ಅವಳ ಕಣ್ಣ ಮುಂದೆ ಇದ್ದದ್ದು ಗೋಡೆಗೆ ಒರಗಿದ ಆ ತಾಯಿ. ಅವಳು ಸತ್ತವರಿಗಾಗಿ ಬರೆದಳು. ಬದುಕಿರುವವರೂ ಅದೇ ಬಾಗಿಲಿನಿಂದ ಹಾದು ಹೋಗಬೇಕು ಎಂದು ಹೊಳೆಯಲಿಲ್ಲ.

ಏಪ್ರಿಲಿನ ಸೆಕೆಯಲ್ಲಿ ವಿಠಲಣ್ಣನ ಪೆಟ್ಟಿಗೆ ಎಚ್ಚರವಾಗಲು ತಡ ಮಾಡತೊಡಗಿತು. ರೊಸಾರಿಯೊ ಅದನ್ನು ಸರಿಪಡಿಸಿ ಹೊಸ ಪ್ಯಾಕೇಜು ಕಟ್ಟಿಸಿದರು. ಏನೇ ಹೊಸತು ಬಂದರೂ ಮೊದಲು ವಿಠಲಣ್ಣನಿಗೆ ಕಳಿಸುವುದು ರೂಢಿ; ಸಣ್ಣ ಪುಟ್ಟ ತೊಂದರೆಗೆ ಸಿಟ್ಟು ಮಾಡುವವರಲ್ಲ, ತಾಳ್ಮೆಯ ಮನುಷ್ಯ. ಶಶಿಕಲಾಳೇ ಕಳಿಸಿದಳು.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿದ್ದಾಗ ಅಪ್ಪಿಯಕ್ಕನ ಫೋನು.

"ಬಾಲೆ, ಪೆಟ್ಟಿಗೆ ಬೇಗ ಏಳುತ್ತದೆ ಈಗ, ಒಳ್ಳೆಯದಾಯಿತು. ಆದರೆ ಮಾತಾಡುವುದಿಲ್ಲ. ಒತ್ತಿದರೆ ಟುಂಯ್ ಅಂತ ಶಬ್ದ ಮಾತ್ರ."

"ಯಾವುದು ಒತ್ತಿದರೆ, ಅಪ್ಪಿಯಕ್ಕ?"

"ಯಾವುದು ಒತ್ತಿದರೂ."

ಏನಾಗಿದೆಯೆಂದು ಅವಳಿಗೆ ಅಲ್ಲೇ, ಯಾರೂ ಹೇಳದೆ, ಪೂರ್ತಿಯಾಗಿ ತಿಳಿಯಿತು. ಉಡುಪಿಯಲ್ಲಿ ಇಳಿದವಳು ಮಣಿಪಾಲಕ್ಕೆ ಹೋಗದೆ ಎದುರಿನ ಬಸ್ಸು ಹತ್ತಿ ಕಾಪುವಿಗೆ ಬಂದಳು. ಸರಿ ಮಾಡಿ ತರುತ್ತೇನೆಂದು ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು ಮಣಿಪಾಲಕ್ಕೆ ಹೋದಳು. ರೊಸಾರಿಯೊ ಊಟ ಬಿಟ್ಟು ಕುಳಿತರು. ಅಳಿಸಿದ್ದನ್ನು ಹೆಕ್ಕುವ ಉಪಾಯ ಗೊತ್ತಿದ್ದವರನ್ನೆಲ್ಲ ಕೇಳಿದರು. ಏನೂ ಉಳಿದಿರಲಿಲ್ಲ. ಅವಳ ಸ್ಕ್ರಿಪ್ಟು ಹೇಳಿದ ಕೆಲಸವನ್ನು ಚೊಕ್ಕವಾಗಿ ಮಾಡಿತ್ತು.

ಇನ್ನೊಂದು ಪ್ರತಿ ಆಫೀಸಿನಲ್ಲಿ ಇಡುತ್ತಿರಲಿಲ್ಲ. ಧ್ವನಿ ಕದ್ದು ಮೋಸ ಮಾಡುವ ಸುದ್ದಿಗಳು ಬರಲು ಶುರುವಾದ ಮೇಲೆ, ಯಾರ ಧ್ವನಿ ಅವರ ಪೆಟ್ಟಿಗೆಯಲ್ಲೇ ಇರಲಿ ಎಂದು ಮನೆಗಳವರೇ ಕೇಳಿಕೊಂಡಿದ್ದರು. ತುಣುಕು ಧ್ವನಿ ಸಿಕ್ಕಿದರೂ ಅದರಿಂದ ಹೊಸ ಮಾತು ನೇಯುವ ಯಂತ್ರಗಳು ಈಗ ಉಂಟು. ಆದರೆ ನೇಯಲು ನೂಲು ಬೇಕು. ವಿಠಲಣ್ಣನದು ಗುಂಡಿ ಒತ್ತುವ ಹಳೆಯ ಫೋನು. ನೆಂಟರ ಮದುವೆಯ ವಿಡಿಯೋಗಳಲ್ಲಿ ಬ್ಯಾಂಡಿನ ಸದ್ದು. ಅವರ ಜೊತೆ ಓಡಿಸಿದ ಡ್ರೈವರೊಬ್ಬನ ಮೊಬೈಲಿನಲ್ಲಿ ಬಸ್ಸಿನ ವಿಡಿಯೋ ಉಂಟೆಂದು ತಿಳಿದು ಶಶಿಕಲಾ ಅವನನ್ನು ಹುಡುಕಿಕೊಂಡು ಹೋದಳು. ವಿಡಿಯೋ ಇತ್ತು. ಫುಟ್‌ಬೋರ್ಡಿನ ಮೇಲೆ ವಿಠಲಣ್ಣ ನಿಂತಿದ್ದರು, ತಲೆಗೂದಲು ಗಾಳಿಗೆ ಹಾರುತ್ತಿತ್ತು. ಬಾಯಲ್ಲಿ ಪೀಪಿ ಕಚ್ಚಿದ್ದರು. ವಿಡಿಯೋ ಮುಗಿಯುವ ತನಕ ಅವರು ಅದನ್ನು ಬಾಯಿಂದ ತೆಗೆಯಲೇ ಇಲ್ಲ.

ಉಳಿದ ಪೆಟ್ಟಿಗೆಗಳಿಗೆ ಹೊಸ ಪ್ಯಾಕೇಜು ಹೋಗಿರಲಿಲ್ಲ, ಅದೊಂದು ಸಮಾಧಾನ. ಆದರೆ ಆ ಸ್ಕ್ರಿಪ್ಟು ಅಲ್ಲೆಲ್ಲ ಆಗಲೇ ಕುಳಿತಾಗಿತ್ತು. ಇಲ್ಲಿಂದ ಎಷ್ಟು ಒಳ್ಳೆಯದನ್ನು ಬರೆದು ಕಳಿಸಿದರೂ, ಅದು ಒಳಗೆ ಕಾಲಿಟ್ಟ ಮೇಲೆ ಹಳೆಯದು ತನ್ನ ಕೆಲಸ ಮಾಡಿಯೇ ಹೋಗುತ್ತದೆ. ಒಂದೊಂದು ಮನೆಗೂ ಹೋಗಿ ಕೈಯಾರೆ ಅದನ್ನು ತೆಗೆಯಬೇಕು. ಕಾರ್ಕಳದ ಕಡೆಯ ಮನೆಗಳಿಂದ ಶುರು ಮಾಡೋಣ ಎಂದು ಅವಳೇ ಹೇಳಿದಳು.

"ಅದಕ್ಕೆ ಮೊದಲು ಕಾಪು," ಎಂದರು ರೊಸಾರಿಯೊ. ಕನ್ನಡಕ ತೆಗೆದು ಒರೆಸಿದರು. "ನೋಡು ಮಾರಾಯ್ತಿ. ಪೆಟ್ಟಿಗೆ ಹಾಳಾಯಿತು ಅಂತ ಹೇಳು. ಸುಳ್ಳೇನಲ್ಲ. ಯಂತ್ರದ ಧ್ವನಿ ಹಾಕಿ ಹೊಸದು ಕೊಡು. ಯಾರು ಯಾವ ಸಾಲು ಬರೆದದ್ದು ಅಂತೆಲ್ಲ ಅವರಿಗೆ ಎಂತಕ್ಕೆ? ನಾನೂ ನೋಡಿ ಸರಿ ಅಂದಿದ್ದೇನೆ, ಅಲ್ವಾ? ನೀನು ಒಬ್ಬಳೇ ಹೊರುವುದು ಬೇಡ."

ಅದು ಒಳ್ಳೆಯ ಮನಸ್ಸಿನಿಂದ ಬಂದ ಮಾತು. ಮನೆಗೆ ಬಂದು ಅಮ್ಮನಿಗೆ ಹೇಳಿದಳು. ಸೋಮವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಅವರ ದನಿ ನಿನ್ನ ಕೈಲೇ ಹೋತೇನು?"

"ಹೂಂ."

"ಹಂಗಾರ ನಿನ್ನ ಬಾಯ್ಲೇ ಹೇಳ್ಬೇಕು. ಯಂತ್ರದ ಮ್ಯಾಲೆ ಹಾಕಬ್ಯಾಡ." ಮತ್ತೆ ರೊಟ್ಟಿ ತಿರುಗಿಸಿದಳು. "ಬೈತಾರ. ಬೈಸ್ಕೊಂಡು ಬಾ."

ಕಾಪುವಿನ ಆ ಮನೆ ಸಮುದ್ರಕ್ಕೆ ಹೋಗುವ ದಾರಿಯಲ್ಲಿ, ತೆಂಗಿನ ಮರಗಳ ನಡುವೆ. ವಿಠಲಣ್ಣ ಜಗಲಿಯಲ್ಲಿ ಕುಳಿತಿದ್ದರು. ಕುತ್ತಿಗೆಗೆ ತೆಳು ಬಟ್ಟೆ. ಅವಳ ಕೈಯ ಪೆಟ್ಟಿಗೆ ಕಂಡು ಮುಖ ಅರಳಿತು. ಅಪ್ಪಿಯಕ್ಕ ಸೆರಗಿಗೆ ಕೈ ಒರೆಸುತ್ತ ಬಂದರು.

"ಸರಿ ಆಯಿತಾ? ಇಷ್ಟು ದಿನ ಚಮಚದಲ್ಲಿ ಲೋಟ ಬಡಿದು ಕರೆಯುವುದು ಮಾರಾಯ್ತಿ ನನ್ನನ್ನು, ಹೋಟೆಲಿನಲ್ಲಿ ಮಾಣಿಯನ್ನು ಕರೆದ ಹಾಗೆ. ಕುಳಿತುಕೋ, ಶರಬತ್ತು ಮಾಡುತ್ತೇನೆ."

"ಬೇಡ ಅಪ್ಪಿಯಕ್ಕ. ನೀವೂ ಕುಳಿತುಕೊಳ್ಳಿ."

ಅವಳು ಹೇಳಿದಳು. ಸ್ಕ್ರಿಪ್ಟು ಎಂದರೆ ಏನೆಂದು ಹೇಳಿದಳು, ಕೆಮ್ಮಣ್ಣಿನ ಮನೆಯ ಕತೆ ಹೇಳಿದಳು, ಸತ್ತವರಿಗೆಂದು ಬರೆದದ್ದು ಬದುಕಿದವರ ಮೇಲೆ ನಡೆಯಿತು ಎಂದಳು. ಬರೆದದ್ದು ತಾನು ಎಂದಳು. ಹೇಳುವಾಗ ತುಳುವಿಗೆ ಹೊರಳಲು ನೋಡಿ, ಪದ ಸಾಲದೆ, ಮತ್ತೆ ಕನ್ನಡಕ್ಕೇ ಬಂದಳು. ವಿಠಲಣ್ಣ ಅಲುಗದೆ ಕೇಳಿದರು. ಸಾವಿರಾರು ಜನರ ನೆಪಗಳನ್ನು ಕೇಳಿದ ಮನುಷ್ಯ. ಇದು ನೆಪವಲ್ಲವೆಂದು ಅವರಿಗೆ ತಿಳಿದಿರಬೇಕು. ಅವರ ಮುಖದಲ್ಲಿ ಶಶಿಕಲಾ ಸಿಟ್ಟು ಹುಡುಕಿದಳು. ಸಿಟ್ಟಿದ್ದರೆ ಹಗುರವಾಗುತ್ತಿತ್ತು.

"ಹಾಗಾದರೆ ಈಗ ಅದು ಎಲ್ಲಿ ಉಂಟು?" ಎಂದರು ಅಪ್ಪಿಯಕ್ಕ.

"ಎಲ್ಲಿಯೂ ಇಲ್ಲ."

"ಎಲ್ಲಿಯೂ ಇಲ್ಲ ಅಂದರೆ ಹೇಗೆ? ಒಂದು ವಸ್ತು ಹೋದರೆ ಎಲ್ಲಿಯಾದರೂ ಹೋಗಬೇಕಲ್ಲ."

ಅಪ್ಪಿಯಕ್ಕ ಅಂಗಳದ ಕಡೆ ತಿರುಗಿದರು.

"ಅವರು ಬದುಕಿದ್ದಾರಲ್ಲ ಬಾಲೆ," ಎಂದರು, ಯಾರನ್ನೂ ನೋಡದೆ. "ಇಲ್ಲೇ ಕುಳಿತಿದ್ದಾರೆ. ಅವರದ್ದನ್ನು ಯಾಕೆ ಕಳಿಸಿದ್ದು?"

ಅದು ಬೈಗುಳವಾಗಿರಲಿಲ್ಲ. ಬೈಸಿಕೊಂಡು ಬಾ ಎಂದು ಕಳಿಸಿದ ಅಮ್ಮನಿಗೂ ಇಂಥ ಮಾತು ಗೊತ್ತಿರಲಿಕ್ಕಿಲ್ಲ. ಮಾಡಲು ಇನ್ನೇನೂ ತೋಚದೆ ಶಶಿಕಲಾ ಪೆಟ್ಟಿಗೆ ತೆರೆದು, ಯಂತ್ರದ ಧ್ವನಿ ಹಾಕಿ ತಂದಿದ್ದೇನೆಂದು ಹೇಳಿ ಒತ್ತಿದಳು. ಗಂಡಸಿನ ಧ್ವನಿ, ಸ್ವಚ್ಛ, ಸ್ಪಷ್ಟ, ಎಲ್ಲಿಯದೂ ಅಲ್ಲದ್ದು.

"ಅಪ್ಪಿ."

ಅಪ್ಪಿಯಕ್ಕ ಬೆಚ್ಚಿದರು. "ಇದು ಯಾರೋ ಬ್ಯಾಂಕಿನಿಂದ ಫೋನು ಮಾಡಿದ ಹಾಗೆ ಉಂಟು," ಎಂದು ನಗಲು ನೋಡಿದರು. ನಗು ಅರ್ಧದಲ್ಲಿ ನಿಂತಿತು. ಆದರೂ ಪೆಟ್ಟಿಗೆಯನ್ನು ಮಡಿಲಿಗೆ ತೆಗೆದುಕೊಂಡರು. "ಇನ್ನೊಮ್ಮೆ ಒತ್ತು. ಅಭ್ಯಾಸ ಆಗಬೇಕಲ್ಲ." ತಾವೇ ಒತ್ತಿದರು. ತಲೆ ಬಗ್ಗಿಸಿ, ಕಿವಿಯನ್ನು ಅದಕ್ಕೆ ತಾಗಿಸಿ, ಮತ್ತೆ ಒತ್ತಿದರು. ಆ ಅಪರಿಚಿತ ಗಂಡಸು ಎಷ್ಟು ಸಲ ಒತ್ತಿದರೂ ಒಂದೇ ಹದದಲ್ಲಿ ಕರೆದ. ಎಲ್ಲಾದರೂ ಅಡಿಯಲ್ಲಿ ಹಳೆಯದರ ಒಂದು ಚೂರು ಉಳಿದಿದೆಯೋ ಎಂದು ಅವರು ಹುಡುಕುತ್ತಿರುವ ಹಾಗಿತ್ತು.

ಶಶಿಕಲಾ ತಲೆ ಎತ್ತಿದಳು. ಎದುರಿಗೆ ವಿಠಲಣ್ಣ ಹೆಂಡತಿಯನ್ನು ನೋಡುತ್ತಿದ್ದರು. ಅವರ ತುಟಿಗಳು ಕೂಡಿದವು, ಬಿಚ್ಚಿದವು. ಸದ್ದಿಲ್ಲ. ಮತ್ತೊಮ್ಮೆ ಕೂಡಿದವು, ಬಿಚ್ಚಿದವು. ಅಪ್ಪಿಯಕ್ಕನ ಕಣ್ಣು ಪೆಟ್ಟಿಗೆಯ ಮೇಲಿತ್ತು, ಕಿವಿಯೂ ಅಲ್ಲೇ. ಅವರು ನೋಡಲಿಲ್ಲ.

ಹೇಳಬೇಕೆಂದು ಶಶಿಕಲಾ ಬಾಯಿ ತೆರೆದಳು. ಇಬ್ಬರ ನಡುವೆ ಕೈ ಹಾಕಿ ತಾನು ಏನು ಮಾಡಿದೆನೆಂಬುದು ಆ ಪೆಟ್ಟಿಗೆಯಲ್ಲೇ ಇತ್ತು. ಎದ್ದು ನಿಂತು ಬ್ಯಾಗು ಹೆಗಲಿಗೆ ಹಾಕಿಕೊಂಡಳು.

"ಎಂತ, ಹೊರಟದ್ದಾ? ಶರಬತ್ತು ಕುಡಿಯದೆ?" ಎಂದರು ಅಪ್ಪಿಯಕ್ಕ ತಲೆ ಎತ್ತದೆಯೇ.

"ಕಾರ್ಕಳಕ್ಕೆ ಹೋಗಬೇಕು ಅಪ್ಪಿಯಕ್ಕ, ಅಲ್ಲಿಯ ಮನೆಗಳಲ್ಲಿ ಹೀಗಾಗದ ಹಾಗೆ... ನೀವು ಅದನ್ನು ಬಿಟ್ಟು ಒಂದು ಸಲ ಈ ಕಡೆ, ವಿಠಲಣ್ಣ ಈಗ ನಿಮ್ಮನ್ನು ಕರೆದ ಹಾಗೆ..." ಎಂದವಳು ಮೆಟ್ಟಿಲು ಇಳಿದು, ಚಪ್ಪಲಿಯ ಪಟ್ಟಿಯನ್ನೂ ಸರಿಯಾಗಿ ಹಾಕದೆ, ತೆಂಗಿನ ಮರಗಳ ನಡುವಿನ ಬಿಸಿ ಮರಳಿನಲ್ಲಿ ಹಿಂತಿರುಗಿ ನೋಡದೆ ನಡೆದಳು.